ಚೌಡಮ್ಮನವರ ಗುಬ್ಬಿ ಸಾಲು

ಚೌಡಮ್ಮನವರ ಚಿತ್ರದಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ತಪ್ಪಿದ್ದು ನಾನು ಬರೆದ ಅರ್ಜಿ. ಅದನ್ನು ಮುಚ್ಚಿಟ್ಟು, ತಪ್ಪು ನಿಮ್ಮ ಕೈಯದ್ದು ಎಂದು ಅವರ ಮುಖಕ್ಕೇ ಹೇಳಿದೆ — ಓದು ಬಾರದ ಹೆಂಗಸು, ನಂಬಿದರು. ಏಳು ವರ್ಷವಾಯಿತು.

ಹೊಸನಗರದ ಹತ್ತಿರ ಹಳ್ಳಿಯೊಂದರಲ್ಲಿ ನಾನು ಕನ್ನಡ ಮೇಷ್ಟ್ರು. ಮದುವೆಮನೆಯ ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆಯುವುದರಲ್ಲಿ ಚೌಡಮ್ಮನವರನ್ನು ಮೀರಿಸುವವರು ಅತ್ತ ಸಾಗರದವರೆಗೂ ಇರಲಿಲ್ಲ. ಕಲೆಗೆ ಅನುದಾನ ಕೊಡುವ ಸಂಸ್ಥೆಯೊಂದಿದೆಯಂತೆ, ಅರ್ಜಿ ಹಾಕಿಕೊಡಿ ಎಂದು ಅವರೇ ಬಂದರು.

"ಕೈ ನಡುಗೋಕ್ ಮೊದ್ಲು ನಾಲ್ಕು ಹೆಣ್ಮಕ್ಳಿಗೆ ಕಲಿಸ್ಬೇಕು ಮೇಷ್ಟ್ರೇ. ಅಷ್ಟೇ ಬರೀರಿ."

ಅಷ್ಟೇ ಬರೆದರೆ ನನ್ನ ಪಾಂಡಿತ್ಯ ಎಲ್ಲಿಗೆ ಹೋಗಬೇಕು! 'ಅಳಿವಿನಂಚಿನಲ್ಲಿ ನಲುಗುತ್ತಿರುವ ಜಾನಪದ ಸಿರಿ' ಎಂದು ಶುರುಮಾಡಿ ಆರು ಪುಟ ಗೀಚಿದೆ. ಆ ನಾಲ್ಕು ಹೆಣ್ಣುಮಕ್ಕಳು ಅದರಲ್ಲಿ ಎಲ್ಲೂ ಬರಲಿಲ್ಲ.

ಉತ್ತರ ನನ್ನ ವಿಳಾಸಕ್ಕೆ ಬಂತು. ಚಿತ್ರಗಳು ಅಪರೂಪದವು, ಆದರೆ ಅರ್ಜಿಯ ತುಂಬ ಅಲಂಕಾರದ ಮಾತು, ಕಲಾವಿದೆ ಏನು ಮಾಡಬೇಕೆಂದಿದ್ದಾರೆ ಎಂಬುದೇ ತಿಳಿಯುವುದಿಲ್ಲ, ಅವರದೇ ಮಾತಿನಲ್ಲಿ ಬರೆದು ಮುಂದಿನ ವರ್ಷ ಮತ್ತೆ ಕಳುಹಿಸಿ — ಇಷ್ಟೇ ಇತ್ತು. ಊರಿಗೆಲ್ಲ ಕನ್ನಡ ತಿದ್ದುವವನ ಕನ್ನಡವನ್ನು ಯಾರೋ ತಿದ್ದಿದ್ದರು. ಮೈಯೆಲ್ಲ ಉರಿದುಹೋಯಿತು. ಅದೇ ಉರಿಯಲ್ಲಿ ಅವರ ಮನೆಗೆ ಹೋಗಿ, "ಚಿತ್ರ ಸಾಲ್ದು ಅಂದ್ರಂತೆ" ಎಂದುಬಿಟ್ಟೆ.

ಅವರು ಅಳುತ್ತಾರೆ, ಇಲ್ಲವೇ ಸಂಸ್ಥೆಯವರಿಗೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, ಅರ್ಜಿಗೆಂದು ಬಟ್ಟೆಯ ಮೇಲೆ ಬರೆದು ಫೋಟೋ ತೆಗೆಸಿ ಕಳಿಸಿದ್ದ ಚಿತ್ರವನ್ನೇ ತಂದು ಮುಂದಿಟ್ಟರು. "ಯಾವ್ದು ಸಾಲ್ದಂತೆ? ತೋರ್ಸಿ, ತಿದ್ಕೊಳ್ತೀನಿ."

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮೇಲಂಚಿನಲ್ಲಿ ಗುಬ್ಬಿಗಳ ಸಾಲೊಂದಿತ್ತು — ಅವರ ಅವ್ವ ಕಲಿಸಿದ್ದು — ಯಾಕೋ, ಅದರ ಮೇಲೆ ಬೆರಳಿಟ್ಟೆ. ಅದೇ ಯಾಕೆ? ಇವತ್ತಿಗೂ ತಿಳಿಯದು.

"ಹೌದಾ..." ಎಂದು ಚಿತ್ರವನ್ನು ಸುತ್ತಿ ಒಳಗಿಟ್ಟರು.

ಆಮೇಲೆ ಅವರು ಗುಬ್ಬಿ ಬರೆಯಲಿಲ್ಲ. ನಾನೋ — ಆ ಪತ್ರದ ಬುದ್ಧಿಮಾತನ್ನೇ ಹಿಡಿದು ತೀರ್ಥಹಳ್ಳಿಯ ತಾಳಮದ್ದಲೆ ತಂಡಕ್ಕೆ, ಅವರು ಆಡಿದ ಮಾತಿನಲ್ಲೇ ಅರ್ಜಿ ಬರೆದುಕೊಟ್ಟೆ. ಮಂಜೂರಾಯಿತು. ಶಾಲು ಹೊದಿಸಿದರು. ಥೂ, ಹೊದ್ದುಕೊಂಡೆ!

ಚೌಡಮ್ಮನವರು ಯಾರ ಅನುದಾನಕ್ಕೂ ಕಾಯದೆ ಪಕ್ಕದ ಮನೆಯ ಇಬ್ಬರು ಹುಡುಗಿಯರಿಗೆ ಕಲಿಸಿದರು. ಅವರೂ ಗುಬ್ಬಿ ಬರೆಯುವುದಿಲ್ಲ. ಈಚೆಗೆ ಮದುವೆಯೊಂದಕ್ಕೆ ಬಂದಿದ್ದ ಯಾರೋ, ಚಿತ್ತಾರದ ಮೇಲಂಚು ಖಾಲಿ ಬಿಟ್ಟದ್ದು ಎಷ್ಟು ಚೆಂದ ಎಂದು ಫೋಟೋ ತೆಗೆದರು. ಕೆಡಿಸಿದೆನೋ, ಹೊಸದೊಂದಕ್ಕೆ ಕಾರಣನಾದೆನೋ? ಈಗ ಹೇಳಿದರೆ ಯಾರಿಗೆ ಒಳ್ಳೆಯದು, ಅವರಿಗೋ, ನನಗೋ — ಹೀಗೆ ಕೇಳಿಕೊಳ್ಳುವುದೂ ತಪ್ಪಿಸಿಕೊಳ್ಳುವ ಉಪಾಯವೇ ಇರಬೇಕು.

ಇವತ್ತು ಸಂಜೆ ಚೌಡಮ್ಮನವರು ಮತ್ತೆ ಅದೇ ಸಂಸ್ಥೆಯ ಅರ್ಜಿ ಹಿಡಿದು ಬಂದರು. ಅದರಲ್ಲೊಂದು ಪ್ರಶ್ನೆ: ಹಿಂದೆ ಅರ್ಜಿ ತಿರಸ್ಕೃತವಾಗಿದ್ದರೆ ಕಾರಣವೇನು? ಓದಿ ಹೇಳಿದೆ. ಪೆನ್ನು ಕೈಯಲ್ಲೇ ಇತ್ತು.

"ಗುಬ್ಬಿ ಸರಿ ಇರ್ಲಿಲ್ಲ, ಈಗ ಬಿಟ್ಟಿದೀನಿ ಅಂತ ಬರೀರಿ. ಮುಚ್ಚಿಡೋದ್ ಎಂತಕ್ಕೆ ಮೇಷ್ಟ್ರೇ?"

ಕಣ್ಣು ಸರಿ ಕಾಣುತ್ತಿಲ್ಲ, ನಾಳೆ ಬರೆಯೋಣ ಎಂದೆ. ಅದೂ ಸುಳ್ಳೇ. ನಾಳೆ ಶಾಲೆಗೆ ಹೋಗುವ ಮೊದಲು ಅವರ ಮನೆಗೆ ಹೋಗಿ, ಆ ಹಳೆಯ ಪತ್ರವನ್ನು ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ. ಕಾರಣದ ಜಾಗದಲ್ಲಿ ನನ್ನ ಹೆಸರು ಬರೆಯುತ್ತೇನೆ — ಆಮೇಲೂ ಅವರು ನನ್ನ ಕೈಯಲ್ಲಿ ಪೆನ್ನು ಇರಗೊಟ್ಟರೆ.