ಕಾರ್ಬೀನಿಗೆ ಕಲಾಯಿ ಅಂದವಳು

ನನಗಾಗ ಅರವತ್ತೆಂಟು. ಆ ಮಾತಿಗೆ ಈಗ ಹತ್ತು ವರ್ಷದ ಮೇಲಾಯಿತು. ಇಡೀ ಸಂಜಯನಗರದಲ್ಲಿ ನನಗಿಂತ ದಡ್ಡಿ ಸಿಗಲಿಲ್ಲ ಅಂತ ಒಬ್ಬ ಹುಡುಗಿ ನನ್ನನ್ನು ಆರಿಸಿಕೊಂಡಳು. ನಾನು ಅದನ್ನ ಮರ್ಯಾದೆ ಅಂದುಕೊಂಡು ಒಪ್ಪಿಕೊಂಡೆ.

ಹುಡುಗಿ ನಮ್ಮ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಹಾವೇರಿ ಕಡೆಯವಳು. ಕಾಲೇಜು ಮುಗಿಸಿ, ಅದರ ಮೇಲಿನದ್ದನ್ನೂ ಮುಗಿಸಿ, ಅದರ ಮೇಲೆ ಇನ್ನೂ ಏನೋ ಓದುತ್ತಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು, ಅದರಲ್ಲೂ ಅರ್ಧ ವರ್ಷ ಎಮ್ಮೆ ಹಿಂದೆ. ಆಗ ನಮ್ಮದು ಊರು. ಈಗ ಬಸ್‌ಸ್ಟಾಪ್ ಇರೋ ಕಡೆ ನಮ್ಮ ಸೊಪ್ಪಿನ ಮಡಿ ಇತ್ತು. ಊರು ಬಡಾವಣೆ ಆಯಿತು, ನಾನು ಮನೆ ಓನರಮ್ಮ ಆದೆ. ಬುದ್ಧಿ ಮಾತ್ರ ಎಮ್ಮೆ ಹತ್ತಿರವೇ ಉಳಿಯಿತು.

ಆ ಹುಡುಗಿಗೆ ಒಂದೇ ತೊಂದರೆ. ಮೆಟ್ಟಿಲ ಮೇಲೆ ಸಿಕ್ಕರೆ ಪಟಪಟ ಮಾತಾಡುವವಳು, ದೊಡ್ಡ ಮೇಷ್ಟ್ರುಗಳು ಎದುರಿಗೆ ಕೂತರೆ ಬಾಯಿಗೆ ಬೀಗ. ಹಿಂದೊಂದು ಸಲ ಅವರ ಮುಂದೆ ನಿಂತು, ಕೇಳಿದ್ದಕ್ಕೆ ಒಂದಕ್ಷರ ಬಾರದೆ ಕೆಳಗಿಳಿದು ಬಂದಿದ್ದಳಂತೆ. ಈಗ ಕೊನೇ ಪರೀಕ್ಷೆ. ಅಷ್ಟು ವರ್ಷ ಮಾಡಿದ ಕೆಲಸವನ್ನ ಎಲ್ಲರೆದುರು ಹೇಳಬೇಕು, ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕೊಟ್ಟರೆ ಡಾಕ್ಟರೇಟು, ಒಂದು ಔಷಧಿ ಕಂಪನಿಯಲ್ಲಿ ಕೆಲಸವೂ ಕಾದಿತ್ತು. ಬಾಯಿ ಕಟ್ಟಿದರೆ ಎರಡೂ ಇಲ್ಲ. "ಏನೂ ಗೊತ್ತಿಲ್ಲದೋರು ಯಾರಾದ್ರೂ ಇದ್ರೆ ದಿನಾ ಅವರಿಗೆ ಹೇಳು, ಬಾಯಿ ಬಿಡುತ್ತೆ" ಅಂತ ಅವಳ ಗೈಡು ಮೇಡಂ ಹೇಳಿದ್ದರು. ಅವಳು ಜಾಸ್ತಿ ಹುಡುಕಲಿಲ್ಲ. ಮೆಟ್ಟಿಲಿಳಿದು ಬಂದಳು.

"ಅಜ್ಜಿ, ನಿಮಗ ತಾಮ್ರದ ಬಗ್ಗೆ ಏನರೆ ಗೊತ್ತೈತೇನ್ರಿ?"

"ಗೊತ್ತಿಲ್ದೆ ಏನವ್ವ? ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಫಳಫಳ ಅಂತದೆ."

"ಮತ್ತ?"

"ಮತ್ತೇನು? ತೊಳೆದು ಬೋರಲು ಹಾಕೋದು."

"ಸಾಕ್ರಿ. ನೀವಽ ಬೇಕು ನನಗ."

ಅವರೆಕಾಯಿ ಕಾಲ ಅದು. ಸಂಜೆ ಹೊತ್ತು ವರಾಂಡದಲ್ಲಿ ಕಾಲು ಚಾಚಿ ಕೂತು, ನೆನೆಸಿದ ಕಾಳು ಹಿಚುಕುವುದು ನನ್ನ ಕೆಲಸ. ಅವಳು ಎದುರಿಗೆ ಕೂತು ಪಾಠ ಶುರು ಮಾಡಿದಳು. ಮೊರದಿಂದ ಐದು ಕಾಳು ತೆಗೆದು ನೆಲದ ಮೇಲೆ ಬಳೆ ಹಾಗೆ ಸುತ್ತ ಇಟ್ಟಳು.

"ಈ ಕಾಳು ಇಂಗಾಲ ಅನ್ರಿ. ಇಂಗಾಲ ಅಂದ್ರ ನಾಕು ಕೈ ಇದ್ದಂಗ. ನಾಕೂ ಕೈಲೆ ಯಾರನ್ನರೆ ಹಿಡ್ಕೊಂಡಿರತೈತಿ. ಇದು ಹಂಗಲ್ಲ. ಇದರ ಎರಡ ಕೈಗೆ ಅಷ್ಟ ಕೆಲಸ, ಅಕ್ಕಪಕ್ಕದ ಈ ಎರಡು ಸಾರಜನಕ ಹಿಡ್ಕೊಂಡೈತಿ. ಒಂದು ಜೋಡಿ ಎಲೆಕ್ಟ್ರಾನು ಹಂಗಽ ಉಳದಾವು. ಯಾರಿಗೆ ಕೊಡ್ಲಿ, ಯಾರಿಗೆ ಕೊಡ್ಲಿ ಅಂತ ಕಾಯ್ತಿರತೈತಿ. ಇದಕ್ಕ ಕಾರ್ಬೀನ್ ಅಂತಾರ."

"ಕೊಡೋ ಬುದ್ಧಿ ಇದ್ರೆ ಒಳ್ಳೇ ಮನೆತನದ್ದೇ ಇರ್ಬೇಕು" ಅಂದೆ.

ಅವಳು ಎಡಗೈ ಮುಷ್ಟಿ ಕಟ್ಟಿ ತೋರಿಸಿದಳು. "ಇದು ತಾಮ್ರ. ನಮಗ ಬೇಕಾದ ತಾಮ್ರ ಒಂಟಿ ಇದ್ರ ಗಾಳಿ ತಾಗಿ ಕೆಡತೈತಿ. ಹಸರಾಗತೈತಿ."

"ಕಿಲುಬು!"

"ಹತ್ತಿರ ಬಂದ್ರಿ." ಬಲಗೈಯನ್ನ ಬಟ್ಟಲು ಮಾಡಿ ಆ ಮುಷ್ಟಿಯನ್ನ ಅದರೊಳಗೆ ಕೂರಿಸಿದಳು. "ಈ ಕೈ ಕಾರ್ಬೀನ್. ತಾಮ್ರಾನ ಬಿಗಿ ಹಿಡಿತೈತಿ, ಸುತ್ತ ರೆಕ್ಕಿ ಚಾಚಿ ಕಾಯತೈತಿ. ಹಿಂಗ ಕಾದ ತಾಮ್ರದ ಹತ್ರ ಬ್ಯಾರೆ ಸಾಮಾನು ಬಂದು ಒಂದಕ್ಕೊಂದು ಜೋಡಣಿ ಆಗಿ ಹೋಗತಾವು. ಔಷಧಿ ಮಾಡಾಕ ಬೇಕಾಗೋವು."

"ಅಷ್ಟೇ ತಾನೇ? ಅದು ಕಲಾಯಿ ಕಣೇ. ಕಿಲುಬು ಬರ್ದಂಗೆ ಪಾತ್ರೆ ಒಳಗೆ ತವರ ಬಳೀತಾರಲ್ಲ, ಅದು. ನಮ್ಮ ಬೀದಿಗೆ ಕಲಾಯಿಯವ್ನು ತಿದಿ ಹೊತ್ಕೊಂಡು ಬರ್ತಿದ್ದ, ಅವನಿಗೇನು ಡಾಕ್ಟರೇಟ್ ಕೊಟ್ಟಿದ್ರಾ?"

ಹುಡುಗಿ ಹಣೆ ಚಚ್ಚಿಕೊಂಡಳು. "ಅಲ್ಲಽ ಅಲ್ರಿ. ಕಲಾಯಿ ಹಾಕಿದ್ರ ತಾಮ್ರ ಪೂರ್ತಿ ಮುಚ್ಚಿ ಹೋತು. ಸಾರು ತಾಮ್ರಾನ ಮುಟ್ಟಂಗಿಲ್ಲ. ನಮಗ ಮುಟ್ಟಬೇಕು. ಮುಟ್ಟಿದ್ರನ ಕೆಲಸ."

"ಕಾಯ್ಲೂ ಬೇಕು, ಮುಟ್ಲೂ ಬೇಕು. ಅದೆಂಗವ್ವ?"

ಅದನ್ನ ಅವಳು ಅರ್ಧ ಗಂಟೆ ಹೇಳಿದಳು. ನನ್ನ ಕಿವಿ ಅಲ್ಲಿತ್ತು, ಕೈ ಅದರ ಪಾಡಿಗೆ ಅದು ನಡೆದಿತ್ತು. ತಿರುಗಿ ನೋಡಿದರೆ ಅವಳ ಸಾರಜನಕ ಎರಡನ್ನೂ ಹಿಚುಕಿ ಪಾತ್ರೆಗೆ ಹಾಕಿಬಿಟ್ಟಿದ್ದೆ. ಆ ರಾತ್ರಿ ಸಾರಿನಲ್ಲಿ ಅವಳೂ ತಿಂದಳು.

ಎರಡು ವಾರ ಹೀಗೇ ನಡೆಯಿತು. ಕಲಾಯಿ ಅಲ್ಲ ಅನ್ನುವುದು ತಲೆಗೆ ಹೋಯಿತು. ಆಮೇಲೆ ನನ್ನದೇ ಒಂದು ಸಿದ್ಧಾಂತ ಹುಟ್ಟಿತು. ಕೆಲಸ ಬಂದಾಗ ಕಾರ್ಬೀನು ಕೈ ಬಿಡುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಹಿಡಿದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಗಂಡ, ಮೈದುನ, ಓರಗಿತ್ತಿ ಎಲ್ಲರೂ ಹಾಗೇ ಮಾಡಿದ್ದು ನೋಡಿದ ನನಗೆ ಬೇರೆ ಯೋಚನೆ ಬಂದೀತಾದರೂ ಹೇಗೆ? "ಬಿಡಂಗಿಲ್ರಿ ಅಜ್ಜಿ" ಅಂತ ಅವಳು ದಿನಾ ಅನ್ನುವಳು. ನಾನು ದಿನಾ ಹೂಂ ಅನ್ನುವೆ. ಮಾರನೇ ಸಂಜೆಗೆ ಮತ್ತೆ ಅದರ ಕೈ ಬಿಡಿಸುವೆ.

ಇಷ್ಟು ತಿಳಿದವಳು ಸುಮ್ಮನಿರಬೇಕಲ್ಲ? ಹಾಲಿನ ಬೂತಿನ ಹತ್ತಿರ ನಿಂತು, "ನಮ್ಮನೇಲಿ ಈಗ ತಾಮ್ರದ ಮೇಲೆ ಸಂಶೋಧನೆ ನಡೀತಾ ಇದೆ" ಅಂದೆ. ಎದುರು ಮನೆಯಾಕೆ, "ಯಾಕ್ರೀ, ಬಾಡಿಗೆ ಹುಡುಗಿ ಕೈಲಿ ಪಾತ್ರೆ ತಿಕ್ಕಿಸ್ತಿದೀರಾ?" ಅಂದಳು. ಇನ್ನೊಬ್ಬಳು ಮಂಡಿನೋವಿಗೆ ತಾಮ್ರದ ಚೊಂಬಿನ ನೀರು ಎಷ್ಟು ಕುಡಿಯಬೇಕು ಅಂತ ಕೇಳಿದಳು. ನಾನು ಯೋಚನೆ ಮಾಡುವವಳ ಹಾಗೆ ಮುಖ ಮಾಡಿ, "ಕಾರ್ಬೀನ್ ಇಲ್ದೆ ಏನೂ ಹೇಳಕ್ಕಾಗಲ್ಲ" ಅಂದೆ. ಅದೊಂದು ನಿಜವೇ ಹೇಳಿದ್ದೆ ಅನ್ನಿಸುತ್ತೆ.

ಪರೀಕ್ಷೆ ದಿನ ನಾನೂ ಬರುತ್ತೇನೆ ಅಂತ ಹಟ ಹಿಡಿದೆ. ಯಾರು ಬೇಕಾದರೂ ಬಂದು ಕೂರಬಹುದಂತೆ. ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟೆ, ಹೂವು ಮುಡಿದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಮಾಮೂಲಿನಂತೆ ನಿಂತೇ ಇತ್ತು. ಹುಡುಗಿ ಬಾಯಲ್ಲಿ ಏನೋ ಗೊಣಗುತ್ತಿದ್ದಳು, ಕೈ ತಣ್ಣಗಿತ್ತು. "ಹೆದರ್ಬೇಡ, ನಾನಿದೀನಿ" ಅಂದೆ. ಅವಳು ನನ್ನ ಮುಖ ನೋಡಿದ ರೀತಿಗೆ ಧೈರ್ಯ ಬಂದ ಹಾಗೇನೂ ಕಾಣಲಿಲ್ಲ.

ಅಲ್ಲಿನ ಹಾಲ್‌ನಲ್ಲಿ ನಾನು ಮೊದಲನೇ ಸಾಲಿಗೇ ಹೋಗಿ ಕೂತೆ. ಆ ಸಾಲು ಮೇಷ್ಟ್ರುಗಳಿಗೆ ಅಂತ ಯಾರೂ ಹೇಳಲಿಲ್ಲ, ಸೀರೆ ನೋಡಿ ಸುಮ್ಮನಾದರು ಅಂತ ಕಾಣುತ್ತೆ. ಹುಡುಗಿ ಗೋಡೆ ಮೇಲೆ ಚಿತ್ರ ಬಿಟ್ಟು ಇಂಗ್ಲಿಷಿನಲ್ಲಿ ಹೇಳಿದಳು. ಐದು ಕಾಳಿನ ಬಳೆ ಬಂದಾಗ ಪಕ್ಕದವರಿಗೆ "ಅವರೆಕಾಳು" ಅಂದೆ. ಅವರು ಸ್ವಲ್ಪ ಆಚೆ ಸರಿದು ಕೂತರು. ಅವಳು ತಾನು ಹೇಳುವುದನ್ನೆಲ್ಲ ಉರು ಹೊಡೆದಿದ್ದಳು, ಅಲ್ಲಿವರೆಗೆ ಸಲೀಸಾಗಿ ಹೋಯಿತು.

ಆಮೇಲೆ ಪ್ರಶ್ನೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ಕನ್ನಡ ಬಾರದು. ಅವರು ಇಂಗ್ಲಿಷಿನಲ್ಲಿ ಏನೋ ಕೇಳಿ, ಎಡಗೈ ಮುಷ್ಟಿ ಮಾಡಿ, ಬಲಗೈಯಿಂದ ಅದನ್ನ ಬಿಗಿಯಾಗಿ ಮುಚ್ಚಿದರು. ಆಮೇಲೆ ಎರಡೂ ಕೈ ಅಗಲಿಸಿ, ಹೇಗೆ ಅನ್ನುವ ಹಾಗೆ ಹುಬ್ಬು ಹಾರಿಸಿದರು. ನಮ್ಮ ವರಾಂಡದ ಪ್ರಶ್ನೆಯೇ ಅದು! ಅಷ್ಟು ಬಿಗಿಯಾಗಿ ಕಾಯುತ್ತಿದ್ದರೆ, ಬೇರೆಯದು ಬಂದು ತಾಮ್ರವನ್ನ ಮುಟ್ಟೋದು ಹೇಗೆ?

ಹುಡುಗಿ ಬಾಯಿ ತೆರೆದಳು. ಏನೂ ಬರಲಿಲ್ಲ. ಮೇಡಂ ತಲೆ ತಗ್ಗಿಸಿದರು. ಯಾರೋ ಕೆಮ್ಮಿದರು. ಅವಳ ಕಣ್ಣು ತುಂಬಿ ಬಂತು. ಗೊತ್ತಿರೋ ಉತ್ತರ, ದಿನಾ ನನ್ನ ಮುಂದೆ ಬಡಕೊಂಡ ಉತ್ತರ, ಈ ಪೆದ್ದಿ ನಿಂತು ನುಂಗುತ್ತಿದ್ದಾಳಲ್ಲ ಅಂತ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಹೇಳೇ! ಕೆಲ್ಸದ ಹೊತ್ತಿಗೆ ಕೈ ಬಿಡ್ತದೆ ಅನ್ನು!"

ಹಾಲ್ ಪೂರಾ ತಿರುಗಿ ನನ್ನ ನೋಡಿತು. ಹುಡುಗಿಯ ಮುಖ ಕೆಂಪಾಯಿತು. ಅದು ನಾಚಿಕೆಯಲ್ಲ, ಸಿಟ್ಟು.

"ಬಿಡಂಗಿಲ್ರಿ ಅಜ್ಜಿ! ಎಷ್ಟ ಸಲ ಹೇಳಬೇಕು ನಿಮಗ? ಅದು ಕೈ ಬಿಡಂಗಽ ಇಲ್ಲ!"

"ಮತ್ತೆ ಎಂಗೆ ಮುಟ್ತದೆ?"

"ತಲಿ ಮ್ಯಾಲೆ ಬಟ್ಟಿ ಸುತ್ತಿ ಸಿಂಬಿ ಮಾಡಿ ಇಟ್ಟು ನೀರು ಹೊತ್ತೀರಿಲ್ಲೋ ನೀವು? ಸಿಂಬಿ ಕೊಡಾನ ತಳದಾಗ ಹಿಡದಿರತೈತಿ. ಹಂಗಂತ ಕೊಡದ ಬಾಯಿ ಮುಚ್ಚತೈತೇನು? ಬಾಯಿ ಎದುರಿಗೆ ತೆರದಽ ಇರತೈತಿ. ನೀರು ಬರತಾವು, ಹೋಗತಾವು. ಸಿಂಬಿ ಸರದ್ರ ಕೊಡ ನೆಲಕ್ಕ ಬಿದ್ದು ನೆಗ್ಗಿ ಹೋಗತೈತಿ! ಕಾರ್ಬೀನ್ ಒಂದು ಕಡೆ, ಮುಂದಿನ ಕಡೆ ಖಾಲಿ. ಕೆಲಸ ಆಗೋದು ಮುಂದಿನ ಕಡೆ!"

ಅಲ್ಲಿ ಕನ್ನಡ ಬರುವವರೆಲ್ಲ ನಕ್ಕರು. ಪರೀಕ್ಷಕರು ಪಿಳಿಪಿಳಿ ಕಣ್ಣು ಬಿಟ್ಟರು. ಮೇಡಂ ತಲೆ ಎತ್ತಿ ಇಂಗ್ಲಿಷಿನಲ್ಲಿ ಏನೋ ಅಂದರು, ಇದನ್ನೇ ಅವರಿಗೂ ಹೇಳು ಅಂದಿರಬೇಕು. ಹುಡುಗಿ ಅದೇ ಸಿಟ್ಟಿನಲ್ಲಿ ಅವರ ಕಡೆ ತಿರುಗಿ ಶುರು ಮಾಡಿದಳು. ಆಮೇಲೆ ನಿಲ್ಲಲೇ ಇಲ್ಲ. ಪರೀಕ್ಷಕರು ಮತ್ತೆ ಕೇಳಿದರು, ಮತ್ತೆ ಹೇಳಿದಳು. ಒಂದು ಸಲ ಅವರು ಮಾತಾಡುವಾಗಲೇ ಮಧ್ಯೆ ಬಾಯಿ ಹಾಕಿದಳು. ನಾನು ಸೀರೆ ಸರಿ ಮಾಡಿಕೊಂಡು ಕೂತೆ. ಮೊಣಕಾಲು ಸೋಲುವ ತನಕ ಹೊಲದ ಬಾವಿಯಿಂದ ನೀರು ಹೊತ್ತ ತಲೆ ನನ್ನದು, ಸಿಂಬಿ ನೆನಪಾದದ್ದು ಅವಳಿಗೆ.

ಅವಳು ಪಾಸಾದಳು. ಹೊರಗೆ ಸಮೋಸ, ಟೀ ಕೊಟ್ಟರು. ಮೇಡಂ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. "ಅಜ್ಜಿ, ಅವಳ ಬಾಯಿ ಬಿಡಿಸೋಕೆ ಅಂತ ನೀವು ಬೇಕಂತಲೇ ತಪ್ಪು ಹೇಳಿದ್ರಿ ಅಲ್ವಾ?"

"ಹೂಂ ಮತ್ತೆ" ಅಂದೆ.

ಹುಡುಗಿ ಸಮೋಸ ಅಗಿಯುವುದು ನಿಲ್ಲಿಸಿ ನನ್ನನ್ನೇ ನೋಡಿದಳು. ಅವಳಿಗೆ ಗೊತ್ತಿತ್ತು. ನಾನು ಕೂಗಿದ್ದು ಅದೇ ಸರಿ ಉತ್ತರ ಅಂದುಕೊಂಡೇ. ಬಸ್ಸಿನಲ್ಲಿ, "ಈಗರೆ ತಿಳೀತೇನ್ರಿ?" ಅಂತ ಕೇಳಿದಳು. ಸಿಂಬಿ ತಿಳಿಯಿತು, ಕಾರ್ಬೀನ್ ಇನ್ನೊಂದು ಸಲ ಹೇಳಬೇಕಾಗುತ್ತೆ ಅಂದೆ. ಅಷ್ಟಕ್ಕೆಲ್ಲ ಪುರುಸೊತ್ತಿಲ್ಲ, ಔಷಧಿ ಕಂಪನಿಗೆ ಹೋಗಬೇಕು, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡುತ್ತೇನೆ ಅಂದಳು.

ಮಾರನೇ ದಿನ ಬೆಳಿಗ್ಗೆ, ಅವಳು ಏಳುವ ಮುಂಚೆ, ಹಳೇ ಬೋರ್ಡು ಹುಡುಕಿ ತೆಗೆದೆ. "ಮನೆ ಬಾಡಿಗೆಗಿದೆ" ಅಂತ ಮೊದಲೇ ಬರೆದಿತ್ತು. ಅದರ ಕೆಳಗೆ ಸೀಮೆಸುಣ್ಣದಲ್ಲಿ ನಾನೇ ಕೂತು ಬರೆದೆ: ಓದುವ ಹೆಣ್ಣುಮಕ್ಕಳಿಗೆ ಮಾತ್ರ, ಸಂಜೆ ಹೊತ್ತು ಪಾಠ ಕೇಳಲು ಓನರ್ ಇದ್ದಾರೆ. ಗೇಟಿಗೆ ತಂತಿ ಕಟ್ಟಿ ನೇತುಹಾಕಿ, ಹಾಲು ತರಲು ಹೋದೆ.