ಒಂದೇ ಬಾವಿ, ಎರಡು ಟ್ಯಾಂಕು

ಇದನ್ನು ನೀವು ನಂಬುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಸ್ವಲ್ಪವೂ ಉಪ್ಪುಖಾರ ಹಾಕದೆ ಹೇಳಿದ್ದೆ, ಒಬ್ಬನೂ ನಂಬಲಿಲ್ಲ. ಹಾಗಾಗಿ ಇಲ್ಲಿ ಧಾರಾಳವಾಗಿ ಹಾಕಿಯೇ ಹೇಳುತ್ತೇನೆ. ಹೇಗೂ ನಂಬುವುದಿಲ್ಲವಲ್ಲ.

ನಮ್ಮ ಮನೆಯಲ್ಲಿ ಒಬ್ಬ ಕೊಲೆಗಾರನಿದ್ದ.

ಕೊಟ್ಟಾರದಲ್ಲಿ ಒಂದೇ ಕಂಪೌಂಡಿನೊಳಗೆ ಎರಡು ಬಾಡಿಗೆ ಮನೆ. ಒಂದರಲ್ಲಿ ನಾವು. ದೇವಸ್ಥಾನದಲ್ಲಿ ಪೂಜೆ ಮಾಡುವ ಅಪ್ಪ, ಶಾಲೆಯಲ್ಲಿ ಪಾಠ ಮಾಡುವ ಅಮ್ಮ, ಇಡೀ ಕಂಪೌಂಡಿಗೆ ಪಾಠ ಮಾಡುವ ಅಜ್ಜಿ, ಮತ್ತು ಇವರೆಲ್ಲರ ಬುದ್ಧಿಯನ್ನು ಒಬ್ಬನೇ ಹೊತ್ತುಕೊಂಡು ಕುತ್ತಿಗೆ ನೋಯಿಸಿಕೊಂಡಿರುವ ನಾನು. ಆಚೆ ಮನೆಯಲ್ಲಿ ನನ್ನ ಕ್ಲಾಸಿನವನೇ ಆದ ದೋಸ್ತಿ ಮತ್ತು ಅವನ ಅಮ್ಮ. ಅವನ ಅಪ್ಪ ದುಬೈಯಲ್ಲಿ. ಎರಡು ಮನೆಗೂ ನಡುವೆ ಇರುವುದು ಒಂದೇ ಬಾವಿ. ಆ ಬಾವಿಯ ನೀರಿನ ಬಗ್ಗೆ ಅಜ್ಜಿಗೆ ಎಷ್ಟು ಅಭಿಮಾನವೆಂದರೆ, ಮನೆಗೆ ಯಾರು ಬಂದರೂ ಕಾಫಿಗಿಂತ ಮೊದಲು ಒಂದು ಲೋಟ ನೀರು ಕುಡಿಸಿ ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ. ಆ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದಂತೆ, ಸಾಬೂನು ಮುಟ್ಟಿದರೆ ಸಾಕು ನೊರೆಯಂತೆ, ತಲೆಗೆ ಹೊಯ್ದರೆ ಕೂದಲು ರೇಷ್ಮೆಯಂತೆ.

ನಾನೂ ದೋಸ್ತಿಯೂ ಒಟ್ಟಿಗೇ ಪಂಪ್‌ವೆಲ್ಲಿನ ಒಂದು ಅಂಗಡಿಗೆ ಹೋಗಿ ಗಪ್ಪಿ ತಂದಿದ್ದೆವು. ನೋಡದವರಿಗೆ ಹೇಳುತ್ತೇನೆ, ಗಪ್ಪಿ ಎಂದರೆ ಬೆರಳಿನ ತುದಿಯಷ್ಟು ಮೀನು, ಅದಕ್ಕೆ ಮದುವೆ ಸೀರೆಯ ಸೆರಗಿನಷ್ಟು ಬಾಲ. ಅಂಗಡಿಯವರು ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಮೀನು ಹಾಕಿ ರಬ್ಬರ್ ಬ್ಯಾಂಡ್ ಸುತ್ತುತ್ತಾ, ಇದು ಸಾಯುವ ಮೀನೇ ಅಲ್ಲ, ನೀವು ಸಾಕದಿದ್ದರೂ ಬದುಕುತ್ತದೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ತೊಟ್ಟೆಯನ್ನು ದೀಪದ ಹಾಗೆ ಎತ್ತಿ ಹಿಡಿದು ಬಂದೆ. ಆ ಕೈ ಈಗಲೂ ಇನ್ನೊಂದಕ್ಕಿಂತ ಸ್ವಲ್ಪ ಉದ್ದವಾಗಿಯೇ ಇದೆ.

ಮರುದಿನ ಕ್ಲಾಸಿನಲ್ಲಿ ಘೋಷಣೆ ಮಾಡಿದೆ. ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರ ಮರಿಯನ್ನೇ ಹಾಕುತ್ತದೆ, ಹಾಕಿದ ಮೇಲೆ ಅರ್ಧ ಕ್ಲಾಸಿಗೆ ನಾನೇ ಹಂಚುತ್ತೇನೆ ಎಂದು. ಕೆಲವರು ಮನೆಯಲ್ಲಿ ಖಾಲಿ ಹಾರ್ಲಿಕ್ಸ್ ಬಾಟಲಿ ತೊಳೆದಿಟ್ಟರು.

ಆಮೇಲೆ ಸಾಯಲು ಶುರುವಾಯಿತು.

ಮೊದಲು ಬಾಲ ಮುಚ್ಚಿಕೊಳ್ಳುತ್ತದೆ, ಮಳೆ ನಿಂತ ಮೇಲೆ ಮಡಿಸಿದ ಕೊಡೆಯ ಹಾಗೆ. ಆಮೇಲೆ ಮೀನು ನಿಂತಲ್ಲೇ ನಡುಗುತ್ತದೆ. ಮತ್ತೆ ತಳಕ್ಕೆ ಇಳಿದು ಕೂರುತ್ತದೆ. ಬೆಳಿಗ್ಗೆ ನೋಡಿದರೆ ಮೇಲೆ ತೇಲುತ್ತಿರುತ್ತದೆ. ಅದನ್ನು ನನಗಿಂತ ಮೊದಲು ನೋಡುವವರು ಯಾವಾಗಲೂ ಅಪ್ಪ. ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಬಾಯಲ್ಲಿ ಮಂತ್ರ ಹೇಳುತ್ತಾ ದೇವರ ಕೋಣೆಗೆ ಹೋಗುವ ದಾರಿಯಲ್ಲೇ ನನ್ನ ಟ್ಯಾಂಕು. ಮಂತ್ರ ಅಲ್ಲಿಗೆ ಬಂದಾಗ ಸ್ವಲ್ಪ ನಿಲ್ಲುತ್ತಿತ್ತು. ನಾನು ಮುಸುಕಿನೊಳಗಿಂದಲೇ ಇವತ್ತೂ ಒಂದು ಹೋಯಿತು ಎಂದು ತಿಳಿದುಕೊಳ್ಳುತ್ತಿದ್ದೆ.

ಒಂದು ದಿನ ಮಂತ್ರ ಪೂರ್ತಿ ನಿಂತಿತು.

"ದಿನಾ ಬೆಳಿಗ್ಗೆ ಹೆಣ ನೋಡಿ ದೇವರ ಹತ್ರ ಹೋಗ್ಲಿಕ್ಕೆ ಆಗುದಿಲ್ಲ. ಇನ್ನು ಒಂದು ಸತ್ರೆ ಟ್ಯಾಂಕು ಈ ಮನೆಯಲ್ಲಿಲ್ಲ."

ಅಪ್ಪ ಜೋರು ಮಾಡುವವರಲ್ಲ. ಅದೇ ಹೆದರಿಕೆ. ಆಗ ಉಳಿದಿದ್ದದ್ದು ಮೂರೇ ಮೀನು. ಅದರಲ್ಲಿ ಒಂದು ಹೊಟ್ಟೆ ಉಬ್ಬಿದ ಹೆಣ್ಣು. ಇಡೀ ಕ್ಲಾಸಿನ ಹಾರ್ಲಿಕ್ಸ್ ಬಾಟಲಿಗಳು ಆ ಹೊಟ್ಟೆಯನ್ನೇ ನಂಬಿಕೊಂಡಿದ್ದವು. ಅದರ ಬಾಲವೂ ಮುಚ್ಚಿಕೊಳ್ಳತೊಡಗಿತ್ತು.

ನಾನು ತನಿಖೆಗೆ ಇಳಿದೆ.

ಮೊದಲ ಸಂಶಯ ಅಜ್ಜಿಯ ಮೇಲೆ. ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಟ್ಯಾಂಕಿನ ಹತ್ತಿರ ಸುಮ್ಮನೆ ಸುತ್ತುವುದನ್ನು ನೋಡಿದ್ದೆ, ನಾನು ಬಂದ ಕೂಡಲೇ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಕಣ್ಣಿಗೆ ಪೊರೆ ಬಂದು ನನ್ನ ಮುಖವೇ ಸರಿ ಕಾಣದವರಿಗೆ ಕ್ಯಾಲೆಂಡರಿನಲ್ಲಿ ಏನು ಕಾಣುತ್ತದೆ? ಅದೇ ಕ್ಯಾಲೆಂಡರಿನ ಹಿಂದೆ ಮೊಬೈಲ್ ಸಿಕ್ಕಿಸಿ ವಿಡಿಯೋ ಇಟ್ಟು ಕಾಲೇಜಿಗೆ ಹೋದೆ. ಬಂದು ನೋಡಿದರೆ ಸಾಕ್ಷಿ ಸಿಕ್ಕೇಬಿಟ್ಟಿತು. ಅಜ್ಜಿ ನೈವೇದ್ಯದ ಅನ್ನವನ್ನು ಒಂದೊಂದೇ ಅಗುಳು ಹಾಕುತ್ತಾ ತುಳುವಿನಲ್ಲಿ ಮೀನಿಗೆ ಮನೆವಾರ್ತೆ ಹೇಳುತ್ತಿದ್ದರು. ನನ್ನ ಮಾರ್ಕಿನ ವಿಷಯವೂ ಅದರಲ್ಲಿ ಇತ್ತು. ಮೀನು ತಿನ್ನದ ಅನ್ನ ತಳದಲ್ಲಿ ಕೊಳೆತು ನೀರು ಹಾಳಾಗುತ್ತದೆ ಎಂದು ವಿವರಿಸಿದೆ. ಅಜ್ಜಿ ಅನ್ನ ನಿಲ್ಲಿಸಿದರು, ವಾರ್ತೆ ನಿಲ್ಲಿಸಲಿಲ್ಲ. ಹೆಣ್ಣಿನ ಬಾಲ ಮುಚ್ಚಿಯೇ ಇತ್ತು.

ಆಮೇಲೆ ಅಮ್ಮ. ಸೊಳ್ಳೆಯ ಲಿಕ್ವಿಡ್ ಮಷಿನನ್ನು ಟ್ಯಾಂಕಿನ ಪಕ್ಕದ ಸ್ವಿಚ್ಚಿಗೇ ಹಾಕಿದ್ದರು. ಮನೆಯಲ್ಲಿ ಅಷ್ಟು ಸ್ವಿಚ್ಚುಗಳಿರುವಾಗ ಅದೇ ಯಾಕೆ? ಕೇಳಿದ್ದಕ್ಕೆ, ನೀನು ಓದುವುದು ಅಲ್ಲೇ ಅಲ್ಲವಾ, ನಿನ್ನನ್ನು ಸೊಳ್ಳೆ ಕಚ್ಚಬಾರದು ಎಂದರು. ಉತ್ತರ ಇಷ್ಟು ಸರಿಯಾಗಿದ್ದರೆ ಸಂಶಯ ಹೆಚ್ಚಾಗುತ್ತದೆ. ಮಷಿನನ್ನು ಕಿತ್ತು ಅಡಿಗೆಕೋಣೆಗೆ ಹಾಕಿ, ಮೀನಿಗೋಸ್ಕರ ಸೊಳ್ಳೆಗೆ ನನ್ನ ರಕ್ತವನ್ನೇ ದಾನ ಕೊಟ್ಟೆ. ಬಾಲ ಬಿಚ್ಚಲಿಲ್ಲ.

ಅಂಗಡಿಯವರನ್ನೂ ಬಿಡಲಿಲ್ಲ. ಪಂಪ್‌ವೆಲ್ಲಿಗೆ ಹೋಗಿ, ಗಿರಾಕಿಯ ಹಾಗೆ ನಿಂತು, ಅವರ ಮೀನುಗಳನ್ನು ಒಂದೊಂದಾಗಿ ವಿಚಾರಿಸಿಕೊಂಡೆ. ಎಲ್ಲವೂ ಬಾಲ ಬೀಸುತ್ತಾ ಚೆನ್ನಾಗಿಯೇ ಇದ್ದವು. ಒಂದು ಸತ್ತ ಕೂಡಲೇ ಟ್ಯಾಂಕಿನ ನೀರು ಪೂರಾ ಚೆಲ್ಲಿ ಹೊಸದು ತುಂಬಿಸುತ್ತೀಯಾ ಎಂದು ಅವರು ಕೇಳಿದರು. ಹೌದು, ಅಷ್ಟು ಸ್ವಚ್ಛವಾಗಿ ಯಾರು ಇಡುತ್ತಾರೆ ಎಂದೆ. ಹಾಗೆ ಮಾಡಬಾರದು, ಸ್ವಲ್ಪ ತೆಗೆದು ಸ್ವಲ್ಪ ಹಾಕಬೇಕು, ಇಲ್ಲದಿದ್ದರೆ ಹಳೆ ನೀರಿನ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಹೋಗುತ್ತದೆ, ಮೀನಿಗೂ ಬೆಚ್ಚಿಬಿದ್ದ ಹಾಗೆ ಆಗುತ್ತದೆ ಎಂದರು. ಅದನ್ನೂ ಪಾಲಿಸಿದೆ. ನಡುಕ ಸ್ವಲ್ಪ ಕಡಿಮೆಯಾಯಿತೇ ಹೊರತು ಬಾಲ ಬಿಚ್ಚಲಿಲ್ಲ.

ಇನ್ನು ಉಳಿದದ್ದು ದೋಸ್ತಿ.

ಅವನ ಮೇಲೆ ಸಂಶಯ ಬರಲು ಕಾರಣ ಒಂದೇ: ಅವನದು ಒಂದೂ ಸಾಯಲಿಲ್ಲ. ಅದೇ ಅಂಗಡಿ, ಅದೇ ದಿನ, ಅದೇ ತೊಟ್ಟೆಯ ಮೀನುಗಳನ್ನು ಬಾವಿಕಟ್ಟೆಯಲ್ಲಿ ಕೂತು ಪಾಲು ಮಾಡಿಕೊಂಡದ್ದು. ನೀರೂ ಅದೇ ಬಾವಿಯದು. ನನ್ನದು ಸಾಯುವಾಗ ಅವನದು ಮರಿ ಹಾಕುತ್ತಿತ್ತು. ಪಾಲು ಮಾಡುವಾಗ ಗಟ್ಟಿ ಮೀನನ್ನೆಲ್ಲ ಅವನೇ ಇಟ್ಟುಕೊಂಡಿರಬೇಕು, ಇಲ್ಲವೇ ನನ್ನ ಟ್ಯಾಂಕಿಗೆ ಬಂದು ಏನೋ ಮಾಡುತ್ತಿರಬೇಕು. ಎರಡನ್ನೂ ಅವನಲ್ಲೇ ಕೇಳಿದೆ.

"ನನಗೆಂತ ಬೇರೆ ಕೆಲಸ ಇಲ್ವಾ ಮಾರಾಯ," ಎಂದು ನಕ್ಕ. "ನಿಮ್ಮ ಮನೆಯಲ್ಲಿ ಏಕಾದಶಿ ದಿವಸ ಮೀನಿಗೂ ಉಪವಾಸ ಹಾಕ್ತೀರಾ ಅಂತ ಮೊದ್ಲು ಹೇಳು."

ಆ ನಗು ನನಗೆ ಸರಿ ಕಾಣಲಿಲ್ಲ. ಕೆಮಿಸ್ಟ್ರಿ ಪುಸ್ತಕ ಬೇಕು ಎಂಬ ನೆವದಲ್ಲಿ ಅವನು ಸ್ನಾನಕ್ಕೆ ಹೋದ ಸಮಯ ನೋಡಿ ಅವನ ಮನೆಗೆ ನುಗ್ಗಿದೆ. ಅವನ ಅಮ್ಮ ನನಗೆ ಕುಡಿಯಲು ಏನಾದರೂ ತರುತ್ತೇನೆ ಎಂದು ಒಳಗೆ ಹೋದರು. ನಾನು ಟ್ಯಾಂಕಿನ ಗಾಜಿಗೆ ಮೂಗು ಒತ್ತಿ ನಿಂತೆ.

ನನ್ನ ಟ್ಯಾಂಕು ಕನ್ನಡಿ. ಅವನದು ಕೆಸರುಗದ್ದೆಯ ಚಿಕ್ಕಪ್ಪ. ಗಾಜಿನ ಮೇಲೆ ಪಾಚಿ, ಮೇಲೆ ಯಾವುದೋ ತೋಡಿನ ಹರಿಯುವ ನೀರಿನಿಂದ ಕಿತ್ತು ತಂದ ಗಿಡ. ಅದರೊಳಗೆ ಗಪ್ಪಿಗಳು ಬೀಸಣಿಗೆಯಷ್ಟಗಲ ಬಾಲ ಬಿಚ್ಚಿಕೊಂಡು ಮೆರವಣಿಗೆ ಹೋಗುತ್ತಿದ್ದವು. ನನ್ನಲ್ಲಿ ಇಲ್ಲದೆ ಅವನಲ್ಲಿ ಇರುವುದು ಏನು ಎಂದು ಹುಡುಕಿದೆ. ತಳ ಪೂರ್ತಿ ಬಿಳಿ ಚಿಪ್ಪು ಹಾಸಿತ್ತು.

ತಲೆ ಒರೆಸುತ್ತಾ ಬಂದವನ ಹತ್ತಿರ, ಸುಮ್ಮನೆ ಕೇಳುವವನ ಹಾಗೆ, ಅದೇನು ಎಂದೆ.

"ಮರುವಾಯಿದು. ಅಮ್ಮ ಸುಕ್ಕ ಮಾಡಿದ್ರಲ್ಲ, ಅದರ ಚಿಪ್ಪು. ಬಿಸಾಡುದು ಎಂತಕ್ಕೆ ಅಂತ ತೊಳ್ದು ಹಾಕಿದೆ. ಚಂದ ಉಂಟಲ್ವಾ?"

ಮರುವಾಯಿ ಎಂದರೆ ನದಿ ಸಮುದ್ರ ಸೇರುವಲ್ಲಿ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ. ಊರಿನ ಅರ್ಧ ಮನೆಗಳಲ್ಲಿ, ತೆಂಗಿನತುರಿ ಹಾಕಿ ಹುರಿದ ಅದರ ಸುಕ್ಕಕ್ಕೆ ನೆಂಟರು ಹೇಳದೆಯೇ ಬರುತ್ತಾರೆ. ನಮ್ಮ ಮನೆಯಲ್ಲಿ ಆ ಶಬ್ದವನ್ನೂ ಹೊಸಿಲಿನ ಹೊರಗೇ ಬಿಟ್ಟು ಬರಬೇಕು.

ಅಷ್ಟರಲ್ಲಿ ನಾನು ಹೇಳಿ ಬಂದ ನೆವವೇ ಕೆಲಸಕ್ಕೆ ಬಂತು. ಕೆಮಿಸ್ಟ್ರಿ ಪುಸ್ತಕದಲ್ಲಿ ಗಡಸು ನೀರಿನ ಪಾಠವಿತ್ತಲ್ಲ. ಕ್ಯಾಲ್ಸಿಯಂ ಇರುವ ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ. ಚಿಪ್ಪು ಎಂದರೆ ಕ್ಯಾಲ್ಸಿಯಂ. ಎರಡು ಬಾಟಲಿ ತಂದು, ಒಂದಕ್ಕೆ ಅವನ ಟ್ಯಾಂಕಿನ ನೀರು, ಇನ್ನೊಂದಕ್ಕೆ ನನ್ನದು ತುಂಬಿ, ಬಟ್ಟೆ ಸಾಬೂನಿನ ಚೂರು ಹಾಕಿ ಕುಲುಕಿದೆ. ನನ್ನ ಬಾಟಲಿಯ ನೊರೆ ಮುಚ್ಚಳ ತಳ್ಳಿಕೊಂಡು ಹೊರಗೆ ಬಂತು. ಅವನದರಲ್ಲಿ ಒಡೆದ ಹಾಲಿನ ಹಾಗೆ ಒಂದಿಷ್ಟು ಕೆನೆ ಮಾತ್ರ. ಮೊಬೈಲಿನಲ್ಲಿ ಹುಡುಕಿದರೆ ಅಲ್ಲೂ ಅದೇ ಇತ್ತು. ಗಪ್ಪಿಗೆ ಗಡಸು ನೀರೇ ಬೇಕು, ತೀರಾ ಮೆದು, ಸ್ವಲ್ಪ ಹುಳಿಯ ಸ್ವಭಾವದ ನೀರಿನಲ್ಲಿ ಅದು ಬಾಲ ಮುಚ್ಚಿ ನಡುಗಿ ಸಾಯುತ್ತದೆ. ನಮ್ಮ ಕೆಂಪು ಮುರಕಲ್ಲಿನ ಬಾವಿಯ ನೀರು ಸರಿಯಾಗಿ ಅಂಥದ್ದೇ.

ಅಂದರೆ ಕೊಲೆಗಾರ ನಮ್ಮ ಬಾವಿ. ಬೇಳೆಯನ್ನು ಬೆಣ್ಣೆ ಮಾಡುವ, ಕೂದಲನ್ನು ರೇಷ್ಮೆ ಮಾಡುವ, ಅಜ್ಜಿ ಲೋಟದಲ್ಲಿ ಹಿಡಿದು ಊರಿಗೆಲ್ಲ ತೋರಿಸುವ ಬಾವಿ. ಇದನ್ನು ಅಜ್ಜಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನಿಮಗೂ ಇರುತ್ತಿರಲಿಲ್ಲ.

ಹೆಣ್ಣು ಗಪ್ಪಿ ಆಗಲೇ ತಳಕ್ಕೆ ಇಳಿದಿತ್ತು. ದೋಸ್ತಿಯ ಅಡಿಗೆಕೋಣೆಯಲ್ಲಿ ಚಿಪ್ಪುಗಳನ್ನು ಕುದಿಸಿ, ಉಜ್ಜಿ, ಮತ್ತೆ ಕುದಿಸಿ, ಮೂಸಿ ನೋಡಿ, ಅವನಿಗೂ ಮೂಸಿಸಿ, ಕಂಪಾಸ್ ಬಾಕ್ಸಿನಲ್ಲಿಟ್ಟು ಒಳಗೆ ತಂದೆ. ಟ್ಯಾಂಕಿನ ತಳದಲ್ಲಿ ಮರಳಿನಡಿಗೆ ಹೂತೆ. ಒಂದೆರಡು ಮಾತ್ರ ಮೇಲೆ ಉಳಿದವು. ಅದನ್ನೇ ಅಜ್ಜಿ ಕಂಡುಹಿಡಿದರು. ಬೆಳ್ಳಗೆ ಹೊಳೆಯುವುದು ಅವರಿಗೆ ಹೇಗೋ ಕಾಣುತ್ತದೆ.

"ಇದೆಂತ ಮಗಾ?"

"ಶಂಖದ ಕುಟುಂಬದ್ದು ಅಜ್ಜಿ. ಸಮುದ್ರದ್ದು."

"ಶಂಖಕ್ಕೆ ಕುಟುಂಬ ಉಂಟಾ?"

"ದೊಡ್ಡ ಕುಟುಂಬ."

ಒಂದು ಅಕ್ಷರ ಸುಳ್ಳಿಲ್ಲ. ಬಯಾಲಜಿ ಪುಸ್ತಕ ತೆಗೆದು ನೋಡಿ ಬೇಕಾದರೆ, ಶಂಖವೂ ಮರುವಾಯಿಯೂ ಒಂದೇ ವಂಶ.

ಚಿಪ್ಪು ಒಂದೇ ದಿನದಲ್ಲಿ ಪವಾಡ ಮಾಡುವುದಿಲ್ಲ. ನೀರಿಗೆ ಮೆಲ್ಲ ಮೆಲ್ಲ ಇಳಿಯಬೇಕು. ನಾನು ಕಾಲೇಜಿನಿಂದ ಬಂದವನು ಚಪ್ಪಲಿ ಬಿಡುವ ಮೊದಲು ಟ್ಯಾಂಕು ನೋಡುತ್ತಿದ್ದೆ. ಒಂದು ಸಂಜೆ ಹೆಣ್ಣು ತಳದಿಂದ ಎದ್ದು ನಡುವಿಗೆ ಬಂತು. ಇನ್ನೊಂದು ಸಂಜೆ ಬಾಲ ಅರ್ಧ ಬಿಚ್ಚಿತು. ಅಪ್ಪನ ಬೆಳಗಿನ ಮಂತ್ರ ನಿಲ್ಲದೆ ಟ್ಯಾಂಕು ದಾಟಿಹೋಯಿತು. ಮರುದಿನವೂ ದಾಟಿತು, ಅದರ ಮರುದಿನವೂ.

ಆದರೆ ಈಗ ಅಪ್ಪ ನನ್ನನ್ನು ನೋಡುವ ರೀತಿ ಬದಲಾಗಿತ್ತು. ಊಟಕ್ಕೆ ಕೂತಾಗ ನನ್ನ ಕೈ ನೋಡುತ್ತಿದ್ದರು. ದೇವರ ಕೋಣೆಯಿಂದ ಹೊರಗೆ ಬಂದು ಅಂಗೈ ಮೂಸಿಕೊಳ್ಳುತ್ತಿದ್ದರು. ಹಣೆಯ ಗಂಧವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮೀನು ಸಾಯದೆ ಇರುವುದೂ ಅವರಿಗೆ ಸಂಶಯವೇ ಎಂದುಕೊಂಡೆ. ಟ್ಯಾಂಕಿನಲ್ಲಿ ಮೇಲೆ ಕಾಣುತ್ತಿದ್ದ ಚಿಪ್ಪುಗಳಲ್ಲಿ ಒಂದು ಕಾಣೆಯಾದದ್ದನ್ನು ಗಮನಿಸಿದ್ದೆ, ಮರಳಿನಡಿಗೆ ಹೋಗಿರಬೇಕು ಎಂದು ಬಿಟ್ಟುಬಿಟ್ಟೆ. ಇಷ್ಟೆಲ್ಲ ಸಂಶಯಪಟ್ಟವನು ಅದೊಂದನ್ನು ಮಾತ್ರ ಸಂಶಯಪಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮರಿ ಬಂತು. ಕಣ್ಣು ಮಾತ್ರ ಇರುವ ಧೂಳಿನ ಹಾಗೆ, ಒಂದೊಂದಾಗಿ. ತಾಯಿ ಗಪ್ಪಿ ಹೆತ್ತ ಮರಿಯನ್ನೇ ನುಂಗುತ್ತದೆ, ಅದನ್ನೂ ನಂಬುವಂತಿಲ್ಲ. ಮರಿಗಳು ಅಡಗಲೆಂದು ತೋಡಿನ ಗಿಡ ತುಂಬಿಸಿಟ್ಟಿದ್ದೆ. ಕಿಟಕಿಯಿಂದ ಕೂಗಿದ್ದಕ್ಕೆ ದೋಸ್ತಿ ಹಲ್ಲುಜ್ಜುವ ಬ್ರಶ್ಶಿನ ಸಮೇತ ಓಡಿ ಬಂದ. ಇಬ್ಬರೂ ಗಾಜಿಗೆ ಮೂಗು ಒತ್ತಿ, ಯಾರಿಗೆ ಎಷ್ಟು ಬಾಟಲಿ ಎಂದು ಮಾತಾಡುತ್ತಿದ್ದೆವು.

ದೇವರ ಕೋಣೆಯ ಗಂಟೆ ಅರ್ಧಕ್ಕೆ ನಿಂತಿತು. ಅಪ್ಪ ಹೊರಗೆ ಬಂದರು. ಹಣೆಯಲ್ಲಿ, ಎದೆಯಲ್ಲಿ, ತೋಳಿನಲ್ಲಿ ಹಸಿ ಗಂಧ. ಅಂಗೈಯಲ್ಲಿ ನನ್ನ ಚಿಪ್ಪು. ಅದರ ತುಂಬ ಅಜ್ಜಿ ತೇದಿಟ್ಟ ಗಂಧ.

"ಇದು ಎಂತದು?"

ಬಾಗಿಲ ಹತ್ತಿರ ಎಲೆಯಡಿಕೆ ಜಗಿಯುತ್ತಿದ್ದ ಅಜ್ಜಿ ನನ್ನ ಪರವಾಗಿ ಉತ್ತರ ಕೊಟ್ಟರು. "ಹೇಳಿದೆನಲ್ಲ ಮಗಾ, ಶಂಖದ ಕುಟುಂಬ. ಗಂಧದ ಬಟ್ಟಲು ಒಡ್ದು ಹೋಗಿತ್ತು, ಇದು ಸರಿ ಆಯ್ತು."

ಅಪ್ಪ ನನ್ನನ್ನು ನೋಡಿದರು. ನಾನು ದೋಸ್ತಿಯನ್ನು ನೋಡಿದೆ, ಬಾಯಿ ತೆರೆದರೆ ಬಾವಿಗೆ ಹಾಕುತ್ತೇನೆ ಎನ್ನುವ ಹಾಗೆ. ಕಾಪಿ ಹೊಡೆದು ಸಿಕ್ಕಿಬಿದ್ದಾಗಲೂ ಲೆಕ್ಚರರ ಹತ್ತಿರ ನಿಜ ಹೇಳದವನು ಅವನು. ಬಾಯಿಂದ ಬ್ರಶ್ಶು ತೆಗೆದ.

"ಅದು ನಮ್ಮ ಮರುವಾಯಿ ಅಲ್ವಾ ಅಂಕಲ್. ಅಮ್ಮ ಸುಕ್ಕ ಮಾಡಿದ್ದು." ಅವನಿಗೆ ಇನ್ನೂ ಏನೋ ಬಾಕಿ ಇದೆ ಎಂದು ಅನಿಸಿರಬೇಕು. "ಚಂದ ತೊಳೆದದ್ದೇ."

ನಾನು ಇದ್ದಬದ್ದದ್ದನ್ನೆಲ್ಲ ಹೇಳಿದೆ. ಗಡಸು ನೀರು, ಕ್ಯಾಲ್ಸಿಯಂ, ಸಾಬೂನಿನ ಬಾಟಲಿ, ಒಂದೂ ಸಾಯಲಿಲ್ಲ, ಮರಿ ಬಂದಿದೆ. ಅಪ್ಪನ ಮುಖ ಅಲುಗಲಿಲ್ಲ. ಕೊನೆಗೆ ಕೈಯಲ್ಲಿದ್ದ ಕೊನೆಯ ಅಸ್ತ್ರವನ್ನೂ ಬಿಟ್ಟೆ.

"ಅಜ್ಜಿ ಎಲೆಗೆ ಹಾಕುವ ಸುಣ್ಣವೂ ಚಿಪ್ಪು ಸುಟ್ಟೇ ಮಾಡುದು ಅಪ್ಪ."

ಬಾಗಿಲ ಹತ್ತಿರ ಜಗಿಯುವ ಸದ್ದು ನಿಂತಿತು.

ಅಪ್ಪ ಚಿಪ್ಪನ್ನು ದೋಸ್ತಿಯ ಕೈಯಲ್ಲಿಟ್ಟರು, ಗಂಧದ ಸಮೇತ. ಹಣೆಯ ಗಂಧವನ್ನು ಶಾಲಿನ ತುದಿಯಿಂದ ಒರೆಸಿಕೊಂಡರು. ಟ್ಯಾಂಕಿನೊಳಗೆ ಒಮ್ಮೆ ಬಗ್ಗಿ ನೋಡಿದರು. ಮರಿಗಳನ್ನು ನೋಡಿದರೋ ಚಿಪ್ಪುಗಳನ್ನು ನೋಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ನಾನು ಇನ್ನೊಮ್ಮೆ ಸ್ನಾನ ಮಾಡಿ ಬರುವಾಗ ಇದು ಆಚೆ ಮನೆಯಲ್ಲಿ ಇರ್ಬೇಕು."

ಹೊರಗೆ ಬಾವಿಯ ರಾಟೆ ಕಿರುಗುಟ್ಟಿತು. ನಾನು ಟ್ಯಾಂಕಿನ ಒಂದು ಬದಿ ಹಿಡಿದೆ, ಅವನು ಬ್ರಶ್ಶನ್ನು ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ಬದಿ ಹಿಡಿದ.