ನೋಡದೆ ಬರೆದ ವಿಮರ್ಶೆ

ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ತೆಂಗಿನಕಾಯಿ ಅಂಗಡಿ ಇಟ್ಟಿದ್ದ ದುಗ್ಗಪ್ಪ ಸುಲಭಕ್ಕೆ ಯಾರನ್ನೂ ನಂಬುವ ಆಸಾಮಿಯಲ್ಲ. ಗಿರಾಕಿ ಕಾಯಿ ಕುಟ್ಟಿ ನೋಡುವಾಗ ಇವನು ಗಿರಾಕಿಯ ಮುಖ ನೋಡುತ್ತಿದ್ದ. ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಇಪ್ಪತ್ತು ವರ್ಷ ಅವನಿಗೆ ಸಿಕ್ಕಿದ್ದು ಆಳಿನ ಪಾತ್ರ, ಪೊಲೀಸಿನ ಪಾತ್ರ. ಆದರೆ ಎಲ್ಲರ ಮಾತೂ ಅವನಿಗೆ ಬಾಯಿಪಾಠ. ತನ್ನ ನಟನೆಯ ಬಗ್ಗೆ ಪೇಪರಿನಲ್ಲಿ ಒಂದು ಸಾಲು ಬರಬೇಕು ಎನ್ನುವುದೊಂದೇ ಅವನ ಆಸೆ.

ಆಗೆಲ್ಲ ಪೇಪರಿನವರು ಕೂತು ನೋಡಿ ಬರೆಯುತ್ತಿದ್ದದ್ದು ವೃತ್ತಿ ತಂಡಗಳ ನಾಟಕವನ್ನು ಮಾತ್ರ. ನಮ್ಮಂಥವರದ್ದನ್ನು ನಾವೇ ಬರೆದು ಕಳಿಸಬೇಕು. ತಂಡದ ಕಾರ್ಯದರ್ಶಿ ನಾನು. ಮರುದಿನವೇ ಅಚ್ಚಾಗಲೆಂದು, ನಾಟಕ ಶುರುವಾಗುವ ಮೊದಲೇ ಹೊಗಳಿಕೆ ಬರೆದು ನಾಲ್ಕು ಗಂಟೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕುಂದಾಪುರಕ್ಕೆ ಕಳಿಸಿಬಿಡುತ್ತಿದ್ದೆ. ಎಲ್ಲ ತಂಡದ ಕಾರ್ಯದರ್ಶಿಗಳೂ ಗುಟ್ಟಾಗಿ ಹಾಗೇ ಮಾಡುತ್ತಿದ್ದರು; ನಟರು ಮಾತ್ರ ಅದನ್ನು ಪೇಪರಿನವರೇ ಬರೆದದ್ದೆಂದು ನಂಬಿದ್ದರು.

1999ರ ನಾಟಕದಲ್ಲಿ ಪಟೇಲನ ಮುಖ್ಯ ಪಾತ್ರ ಕಡಲ ತಡಿಯ ಕೋಡಿ ಊರಿನ ಪ್ರೇಮಾನಂದನದು. ಮೀನಿಗೆ ಹೋದ ಅವನ ಬೋಟು ಇಂಜಿನ್ ಕೆಟ್ಟು ಹೊತ್ತಿಗೆ ಸರಿಯಾಗಿ ದಡ ಸೇರಲಿಲ್ಲ. ಬೇರೆ ದಾರಿಯಿಲ್ಲದೆ ದುಗ್ಗಪ್ಪನನ್ನೇ ಪಟೇಲ ಮಾಡಿದೆವು. ಏನು ಅಭಿನಯ ಮಾರಾಯರೆ! ಮುಂದೆ ಕೂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮರುದಿನ ಪೇಪರಿನಲ್ಲಿ ಬಂದದ್ದು, 'ಪಟೇಲನಾಗಿ ಪ್ರೇಮಾನಂದ ಪ್ರೇಕ್ಷಕರ ಮನ ಗೆದ್ದರು' ಎಂದು.

ದುಗ್ಗಪ್ಪ ಪೇಪರು ಹಿಡಿದು ನಮ್ಮ ಮನೆಗೇ ಬಂದ.

"ಹ್ವಾಯ್, ಇದ್ ಅವ್ನದ್ದೇ ಕೆಲ್ಸ. ಸಮುದ್ರದ್ ಮಧ್ಯ ಇದ್ದವ ಪೇಪರಿನ್ ಒಳ್ಗ್ ಹ್ಯಾಂಗ್ ಬತ್ತ? ಯಾರಿಗೋ ಹೇಳಿ ಬರ್ಸಿದ್ದ."

ನಾನು ಬಾಯಿ ಬಿಡಲಿಲ್ಲ. ಹೇಡಿತನ, ಮತ್ತೇನಲ್ಲ. ಅಂದಿನಿಂದ ದುಗ್ಗಪ್ಪ ಪ್ರೇಮಾನಂದನ ಜೊತೆ ಮಾತು ಬಿಟ್ಟ. ಅವನ ಬೋಟಿನ ಮೀನು ಮನೆಗೆ ತರಕೂಡದೆಂದು ಹೆಂಡತಿ ಸುಗುಣಳಿಗೂ ಕಟ್ಟಪ್ಪಣೆಯಾಯಿತು. ರಂಗದ ಮೇಲೆ ಅಣ್ಣತಮ್ಮಂದಿರಾಗಿ ತಬ್ಬಿಕೊಂಡವರು ಪರದೆ ಬಿದ್ದೊಡನೆ ಮುಖ ತಿರುಗಿಸುತ್ತಿದ್ದರು. ಹೀಗೆ ಆರು ವರ್ಷ.

2005ರಲ್ಲಿ ಬ್ರಹ್ಮಾವರದ ಸೌಮ್ಯಶ್ರೀ ಎಂಬ ಹೊಸ ವರದಿಗಾರ್ತಿ ಬಂದಳು. ಹವ್ಯಾಸಿಗಳ ನಾಟಕವನ್ನೂ ನೋಡಿ, ವೃತ್ತಿಯವರದ್ದರ ಪಕ್ಕದಲ್ಲೇ ವಿಮರ್ಶೆ ಹಾಕುತ್ತೇನೆ ಎಂದಳು. ನಮಗೆಲ್ಲ ಗುಮಾನಿ. ಹಗಲಿಡೀ ದುಡಿದು ಸಂಜೆ ಬಣ್ಣ ಹಚ್ಚುವವರನ್ನು, ನಾಟಕವನ್ನೇ ಕಸುಬು ಮಾಡಿಕೊಂಡವರ ಜೊತೆ ತೂಗಿದರೆ ಮರ್ಯಾದೆ ಉಳಿದೀತೆ? ಯಾರೋ ನಮ್ಮ ಮಾನ ಕಳೆಯಲೆಂದೇ ಇವಳನ್ನು ಛೂ ಬಿಟ್ಟಿದ್ದಾರೆ ಎಂದುಕೊಂಡೆ. ದುಗ್ಗಪ್ಪ ಕೇಳಿದ್ದು ಒಂದೇ: "ಅವ್ಳ್ ಕಡೀವರಿಗೂ ಕೂತ್ಕಂಡ್ ಕಾಂತ್ಳಾ?"

ಕೂತಳು. ನಾವು ಕೊಟ್ಟ ಶರಬತ್ತನ್ನೂ ಮುಟ್ಟಲಿಲ್ಲ. ಶುಕ್ರವಾರದ ಪೇಪರಿನಲ್ಲಿ, ದೊಡ್ಡ ತಂಡವೊಂದರ ವಿಮರ್ಶೆಯ ಪಕ್ಕದಲ್ಲೇ ಅವಳ ಹೆಸರಿನಡಿ ನಮ್ಮದು: 'ದುಗ್ಗಪ್ಪನವರ ದನಿ ಕೊನೆಯ ಸಾಲಿಗೂ ಮುಟ್ಟುತ್ತದೆ. ಆದರೆ ಸತ್ತು ಬಿದ್ದ ಮೇಲೆ ಅವರು ಪಂಚೆ ಸರಿಮಾಡಿಕೊಂಡರು.'

ಇನ್ನು ಇವನು ರಂಪ ಎಬ್ಬಿಸುತ್ತಾನೆಂದು ಹೆದರಿ, ಸಮಾಧಾನ ಮಾಡಲು ಬೆಳಿಗ್ಗೆಯೇ ಅಂಗಡಿಗೆ ಓಡಿದೆ. ದುಗ್ಗಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದ. ಕಣ್ಣು ತುಂಬಿತ್ತು.

"ಪಂಚಿ ಸರಿ ಮಾಡ್ಕಂಡದ್ ಹೌದ್ ಮಾರಾಯ. ಕಂಡಿದ್ಳ್ ಅವ್ಳ್. ಪೂರಾ ಕಂಡಿದ್ಳ್."

ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿದ. "ಹಂಗಾರೆ ಅವತ್ ಪಟೇಲನ್ ನಾಟ್ಕ ಕಾಣ್ದೆ ಬರ್ದವ ಯಾರ್?"

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. "ನಾನೇ," ಎಂದೆ. "ನಾಲ್ಕ್ ಗಂಟಿ ಬಸ್ಸಿಗ್ ಕಳ್ಸಿದ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಗಿರಾಕಿ ಕಾಯುತ್ತಿದ್ದರೂ ಅಂಗಡಿಯ ಬಾಗಿಲು ಎಳೆದು, ಸೈಕಲ್ ಹತ್ತಿ, ಕೋಡಿಗೆ, ಪ್ರೇಮಾನಂದನ ಮನೆಯ ಕಡೆ ಹೋದ.